ಕಮರಿ ನಾಡಿನಲ್ಲಿ ಒಂದು ದಿನದ ಚಾರಣ: ಬೆನ್ನಿಗೆ ಯಾವುದು, ಕಾರಿನಲ್ಲೇ ಯಾವುದು

ಕುಮಾರಪರ್ವತವೋ ಮುಳ್ಳಯ್ಯನಗಿರಿಯೋ, ನಮ್ಮ ಕಡೆ ಚಾರಣವೆಂದರೆ ಮೊದಲು ಏರು, ಆಮೇಲೆ ಇಳಿಜಾರು. ಏರುವಾಗ ಕಾಲು ಸೋತರೆ ತಿರುಗಿ ಇಳಿದರಾಯಿತು. ಅಮೆರಿಕದ ಅರಿಜೋನಾ, ಯೂಟಾ ರಾಜ್ಯಗಳ ಕಮರಿ ನಾಡಿನಲ್ಲಿ ಈ ಲೆಕ್ಕ ತಿರುವುಮುರುವು. ಕಾರು ನಿಲ್ಲುವುದು ಮೇಲೆ, ಅಂಚಿನಲ್ಲಿ. ಬೆಳಗಿನ ತಂಪಿನಲ್ಲಿ ಸಲೀಸಾಗಿ ಇಳಿದುಬಿಡುತ್ತೀರಿ. ಏರು ಶುರುವಾಗುವುದು ಬಿಸಿಲು ನೆತ್ತಿಗೆ ಬಂದಮೇಲೆ, ಅರ್ಧ ನೀರು ಖಾಲಿಯಾದಮೇಲೆ. ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು ಗಂಟೆ ಎಂದು ಹಿಡಿಯುವುದು ಇಲ್ಲಿನ ರೂಢಿ.

ಹಾಗಾಗಿ ಇಲ್ಲಿಗೆ ಸಾಮಾನು ಆರಿಸುವಾಗ ಅಳತೆಗೋಲು ನೀರು. ಒಂದು ಲೀಟರ್ ಎಂದರೆ ಒಂದು ಕಿಲೊ, ಬೇಸಿಗೆಯಲ್ಲಿ ಮೂರು ನಾಲ್ಕು ಕಿಲೊ ಅದಕ್ಕೇ ಹೋಗುತ್ತದೆ. ಹಗುರ ಶೂ, ಹಗುರ ಚೀಲ, ಹಗುರ ಜಾಕೆಟ್ ಎಂದು ದುಡ್ಡು ಸುರಿದದ್ದು ಸಾರ್ಥಕವಾಗುವುದು ಅಲ್ಲಿ ಉಳಿದ ತೂಕ ನೀರಾಗಿ ಚೀಲ ಸೇರಿದರೆ ಮಾತ್ರ. ಆರು ನೂರು ಗ್ರಾಮಿನ ಕ್ಯಾಮೆರಾ ಲೆನ್ಸ್ ಹೊತ್ತು ಎರಡೇ ಲೀಟರ್ ನೀರಿಗೆ ನಿಲ್ಲಿಸುವವರು ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಾದ ಸೌತ್ ರಿಮ್‌ನಲ್ಲಿ ಬೇಕಾದಷ್ಟು ಸಿಗುತ್ತಾರೆ.

ಮೊದಲು ಕಮರಿ, ಆಮೇಲೆ ಚೀಲ

ಎಲ್ಲ ಕಮರಿಗೂ ಒಂದೇ ಪಟ್ಟಿ ಹಿಡಿದು ಹೊರಟರೆ ಕೆಡುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕಾಪಾಡುವ ಹತ್ತಿ ಅಂಗಿ ಯೂಟಾದ ಝಯಾನ್ ಪಾರ್ಕಿನ ಹೊಳೆಯಲ್ಲಿ ನಡುಗಿಸುತ್ತದೆ. ಒಂದು ದಿನದ ನಡಿಗೆಗಳನ್ನು ನಾಲ್ಕು ಬಗೆಯಾಗಿ ನೋಡಿದರೆ ಆಯ್ಕೆ ಸುಲಭ.

ಮೊದಲನೆಯದು ಅಂಚಿನಿಂದ ಇಳಿದು ಮರಳಿ ಏರುವ ದೊಡ್ಡ ಕಮರಿ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ನಲ್ಲಿ ಎಲ್ಲರೂ ಹಿಡಿಯುವ ದಾರಿ ಎರಡು. ಬ್ರೈಟ್ ಏಂಜೆಲ್ ಹಾದಿ ಸುಮಾರು 2,090 ಮೀಟರ್ ಎತ್ತರದಲ್ಲಿ ಶುರುವಾಗುತ್ತದೆ. ಒಂದೂವರೆ ಮೈಲಿಗೊಂದು, ಮೂರು ಮೈಲಿಗೊಂದು ತಂಗುಮನೆ, 4.5 ಮೈಲಿಗೆ, ಅಂದರೆ 7.2 ಕಿಲೋಮೀಟರಿಗೆ, ಹವಸುಪೈ ಗಾರ್ಡನ್ಸ್. ಹಳೆಯ ನಕ್ಷೆಗಳಲ್ಲಿ ಇದು ಇಂಡಿಯನ್ ಗಾರ್ಡನ್ ಎಂದೇ ಇದೆ, ಹೆಸರು ಬದಲಾದದ್ದು 2022ರಲ್ಲಿ. ಅಲ್ಲಿಗೆ ಇಳಿಯುವುದು ಸುಮಾರು 925 ಮೀಟರ್. ಸೌತ್ ಕೈಬಾಬ್ ಹಾದಿ ಗುಡ್ಡದ ಬೆನ್ನಿನ ಮೇಲೆ ಸಾಗುತ್ತದೆ. ನೋಟ ಬ್ರೈಟ್ ಏಂಜೆಲ್‌ಗಿಂತ ಎಷ್ಟೋ ಪಾಲು ಚೆನ್ನ, ಆದರೆ ನೆರಳು ಇಲ್ಲವೆನ್ನುವಷ್ಟು ಕಡಿಮೆ, ನೀರು ಒಂದು ತೊಟ್ಟೂ ಇಲ್ಲ. ಸೀಡರ್ ರಿಜ್‌ವರೆಗೆ ಹೋಗಿ ಬರಲು 4.8 ಕಿಲೋಮೀಟರ್, ಇಳಿತ 340 ಮೀಟರ್. ಸ್ಕೆಲಿಟನ್ ಪಾಯಿಂಟ್‌ಗೆ 9.6 ಕಿಲೋಮೀಟರ್, ಇಳಿತ 620 ಮೀಟರ್. ಬೇಸಿಗೆಯಲ್ಲಿ ಸೀಡರ್ ರಿಜ್ ದಾಟಬೇಡಿ. ನದಿಯವರೆಗೆ ಹೋಗಿ ಅದೇ ದಿನ ಮೇಲೆ ಬರುವ ಯೋಚನೆಯಂತೂ ಯಾವ ಕಾಲದಲ್ಲೂ ಬೇಡ ಎಂದು ಪಾರ್ಕಿನವರು ಹಾದಿಯ ಬಾಯಲ್ಲೇ ಫಲಕ ಹಾಕಿದ್ದಾರೆ.

ಎರಡನೆಯದು ನೀರಿನಲ್ಲೇ ನಡೆಯುವ ಕಮರಿ: ಝಯಾನ್‌ನ ನ್ಯಾರೋಸ್. ವರ್ಜಿನ್ ನದಿಯೇ ಹಾದಿ. ಕೆಳಗಿನಿಂದ ಬಿಗ್ ಸ್ಪ್ರಿಂಗ್‌ವರೆಗೆ ಪರವಾನಗಿ ಬೇಕಿಲ್ಲ. ಮೂರನೆಯದು ಸ್ಲಾಟ್ ಕ್ಯಾನ್ಯನ್, ಎರಡು ತೋಳು ಚಾಚಿದರೆ ಎರಡೂ ಗೋಡೆ ತಾಕುವ ಇಕ್ಕಟ್ಟು ಕೊರಕಲು. ಯೂಟಾದ ಎಸ್ಕಲಾಂಟೆ ಊರಿನ ಬಳಿಯ ಸ್ಪೂಕಿ ಗಲ್ಚ್ ಕೆಲವೆಡೆ 25 ಸೆಂಟಿಮೀಟರಿಗೆ ಕಿರಿದಾಗುತ್ತದೆ. ನಾಲ್ಕನೆಯದು ಯೂಟಾದ ಬ್ರೈಸ್ ಕ್ಯಾನ್ಯನ್‌ನಂಥ ಎತ್ತರದ ಜಾಗ. ಅಂಚು 2,400 ಮೀಟರ್ ದಾಟಿದ್ದರಿಂದ ಜುಲೈನಲ್ಲೂ ತಂಪು. ಕ್ವೀನ್ಸ್ ಗಾರ್ಡನ್, ನವಾಹೊ ಲೂಪ್ ಎರಡನ್ನೂ ಸೇರಿಸಿದರೆ 4.7 ಕಿಲೋಮೀಟರ್.

ಊರಿನಿಂದ ಅಪ್ಪ ಅಮ್ಮ ಬರುವುದು ಹೆಚ್ಚಾಗಿ ಮೇ, ಜೂನ್, ಜುಲೈಯಲ್ಲಿ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಅದೇ ಕೆಟ್ಟ ಕಾಲ. ಜುಲೈನಲ್ಲಿ ಅಂಚಿನ ಮೇಲೆ 29 ಡಿಗ್ರಿ ಇದ್ದರೆ ತಳದ ಫ್ಯಾಂಟಮ್ ರಾಂಚ್‌ನಲ್ಲಿ 41. ಅವರನ್ನು ರಿಮ್ ಹಾದಿಯಲ್ಲಿ ನಡೆಸಿ, ಷಟಲ್ ಬಸ್ಸಿನಲ್ಲಿ ಸುತ್ತಿಸಿ; ಇಳಿಸುವ ಆಸೆಯಿದ್ದರೆ ಬ್ರೈಸ್‌ನಲ್ಲಿ ಇಳಿಸಿ.

ನೀರು: ಬ್ಲ್ಯಾಡರೋ ಬಾಟಲಿಯೋ

ತಂಪು ಹೊತ್ತಿನಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲಿನ ಏರಿನಲ್ಲಿ ಮುಕ್ಕಾಲರಿಂದ ಒಂದು ಲೀಟರ್ ಎಂದು ಲೆಕ್ಕ ಹಾಕಿ. ಗಂಟೆಗೆ ಒಂದು ಲೀಟರ್ ದಾಟಿ ಕುಡಿದರೆ ಹೊಟ್ಟೆ ಅಷ್ಟನ್ನೂ ಬೇಗ ಹೀರಿಕೊಳ್ಳದೆ ಗುಳುಗುಳು ಎನ್ನುತ್ತದೆ. ಸೀಡರ್ ರಿಜ್‌ಗೆ ಎರಡು ಲೀಟರ್ ಸಾಕು. ಸ್ಕೆಲಿಟನ್ ಪಾಯಿಂಟ್‌ಗೆ ಚಳಿಗಾಲ ಬಿಟ್ಟು ಬೇರೆ ಕಾಲದಲ್ಲಿ ಮೂರರಿಂದ ನಾಲ್ಕು.

ಬ್ಲ್ಯಾಡರ್ ಎಂದರೆ ಬೆನ್ನಚೀಲದೊಳಗೆ ಕೂರುವ, ಕುಡಿಯುವ ಕೊಳವೆ ಇರುವ ಮೆತ್ತನೆಯ ನೀರಿನ ಚೀಲ. ಅದರ ದೊಡ್ಡ ಗುಣವೆಂದರೆ ನಿಲ್ಲದೆ ಕುಡಿಯಬಹುದು. ಬಾಟಲಿ ತೆಗೆಯಲು ಸೋಮಾರಿತನವಾಗಿ ಬಾಯಾರಿಕೊಂಡೇ ನಡೆಯುವವರಿಗೆ ಇದೇ ಸರಿ. ಅದರ ದೋಷಗಳೂ ಅಷ್ಟೇ ಖಚಿತ. ಎಷ್ಟು ಉಳಿದಿದೆ ಎಂದು ಕಾಣುವುದಿಲ್ಲ. ಬಹುಪಾಲು ಜನರಿಗೆ ನೀರು ಮುಗಿದದ್ದು ತಿಳಿಯುವುದು ಕೊಳವೆ ಗಾಳಿ ಹೀರಿದಾಗ. ಚೀಲ ಕೆಳಗಿಟ್ಟಾಗ ಕಚ್ಚುವ ತುದಿಯ ಮೇಲೆ ಭಾರ ಬಿದ್ದು ಅರ್ಧ ಲೀಟರ್ ಮಣ್ಣುಪಾಲಾಗುವುದು ಸಾಮಾನ್ಯ, ಆದ್ದರಿಂದ ತುದಿಗೆ ತಿರುಗಿಸಿ ಮುಚ್ಚುವ ಬೀಗವಿರುವುದನ್ನೇ ಕೊಳ್ಳಿ. ಕೊಳವೆಯಲ್ಲಿ ನಿಂತ ನೀರು ಬಿಸಿಲಿಗೆ ಕಾದು ಬಾಯಿ ಸುಡುವಂತಾಗುತ್ತದೆ, ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಕೊಳವೆ ಕಟ್ಟುತ್ತದೆ. ಎರಡಕ್ಕೂ ಮದ್ದು ಒಂದೇ: ಕುಡಿದಾದಮೇಲೆ ಒಮ್ಮೆ ಊದಿ ಕೊಳವೆಯ ನೀರನ್ನು ಬ್ಲ್ಯಾಡರಿನೊಳಕ್ಕೆ ತಳ್ಳಿ.

ಬಾಟಲಿಗಳಲ್ಲಿ ಮೂರು ಬಗೆ. ಪೆಟ್ರೋಲ್ ಬಂಕ್‌ನಲ್ಲಿ ಸಿಗುವ ಒಂದು ಲೀಟರಿನ ಸ್ಮಾರ್ಟ್‌ವಾಟರ್ ಬಾಟಲಿ ಖಾಲಿಯಾದಾಗ 40 ಗ್ರಾಮ್ ತೂಗುವುದಿಲ್ಲ, ವಾರಗಟ್ಟಲೆ ಬಾಳುತ್ತದೆ, ನೀರು ಸೋಸುವ ಸಾಯರ್ ಫಿಲ್ಟರ್ ಅದರ ಬಾಯಿಗೆ ನೇರ ಕೂರುತ್ತದೆ. ನ್ಯಾಲ್ಜೀನ್‌ನಂಥ ಗಟ್ಟಿ ಪ್ಲಾಸ್ಟಿಕ್ಕಿನದು ಸುಮಾರು 180 ಗ್ರಾಮ್. ಬಂಡೆಯ ಮೇಲೆ ಬಿದ್ದರೂ ಒಡೆಯದು. ಎರಡು ಪದರದ ಸ್ಟೀಲ್ ಬಾಟಲಿ ತಾನೇ ಅರ್ಧ ಕಿಲೊದ ಹತ್ತಿರ ಬರುತ್ತದೆ. ಅದನ್ನು ಬೆನ್ನಿಗೆ ಹಾಕಬೇಡಿ. ಐಸ್ ತುಂಬಿಸಿ ಕಾರಿನಲ್ಲಿ ಬಿಟ್ಟುಹೋಗಿ, ಮೇಲೆ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಆರಿಸಿ ಎಂದರೆ ಎರಡು ಲೀಟರಿನ ಬ್ಲ್ಯಾಡರ್ ಒಂದು, ತೆಳು ಬಾಟಲಿ ಎರಡು. ಬ್ಲ್ಯಾಡರ್‌ನಲ್ಲಿ ಬರೀ ನೀರು, ಒಂದು ಬಾಟಲಿಯಲ್ಲಿ ಓಆರ್‌ಎಸ್, ಇನ್ನೊಂದು ಮುಟ್ಟದ ಮೀಸಲು. ಬ್ಲ್ಯಾಡರ್ ಖಾಲಿಯಾಯಿತು ಎಂದರೆ ಎಲ್ಲಿದ್ದರೂ ಹಿಂದಿರುಗಬೇಕು ಎಂದು ಮೊದಲೇ ಗುಂಪಿನಲ್ಲಿ ಮಾತಾಗಿರಲಿ. ಇಳಿಯುವಾಗಲೇ ಖಾಲಿಯಾಗುತ್ತಿದೆ ಎಂದಾದರೆ ಮೊದಲೇ ತಿರುಗಿ. ಏರಿಗೆ ಮೂರನೇ ಎರಡು ಪಾಲು ಉಳಿದಿರಬೇಕು. ಬ್ಲ್ಯಾಡರಿಗೆ ಓಆರ್‌ಎಸ್ಸಾಗಲಿ ಜ್ಯೂಸಾಗಲಿ ಹಾಕಿದರೆ ಕೊಳವೆಯೊಳಗೆ ಬೂಷ್ಟು ಹಿಡಿಯುತ್ತದೆ, ತೊಳೆದರೂ ವಾಸನೆ ಹೋಗದು.

ಓಆರ್‌ಎಸ್ ಮಾತು ಬಂತು. ಊರಿನ ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೆ ಒಂದರಂತೆ ಕದಡಿದರೆ, ಇಲ್ಲಿನ ಬಣ್ಣಬಣ್ಣದ ಸ್ಪೋರ್ಟ್ಸ್ ಡ್ರಿಂಕ್‌ಗಳಿಗಿಂತ ಮೂರು ನಾಲ್ಕು ಪಟ್ಟು ಸೋಡಿಯಂ ಸಿಗುತ್ತದೆ, ಸಕ್ಕರೆ ಕಡಿಮೆ. ಬೆಲೆಯಲ್ಲೂ ಹೋಲಿಕೆಯಿಲ್ಲ. ಹತ್ತು ಪೊಟ್ಟಣ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬನ್ನಿ. ಬಿಪಿ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಉಪ್ಪು ಯಾಕೆ ಎಂದರೆ, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಜನ ಬೀಳುವುದು ನೀರು ಸಾಲದೆ ಮಾತ್ರವಲ್ಲ. ಬೆವರಿನಲ್ಲಿ ಉಪ್ಪು ಹೋಗುತ್ತಾ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. ವಾಕರಿಕೆ, ತಲೆನೋವು, ಮಂಕು, ಕೊನೆಗೆ ಫಿಟ್ಸ್. ಲಕ್ಷಣಗಳು ಬಿಸಿಲು ಬಡಿದ ಹಾಗೆಯೇ ಇರುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸಿ ಕೆಡಿಸುತ್ತಾರೆ. ತಿಳಿಯುವ ದಾರಿ: ಆ ಮನುಷ್ಯ ಎಷ್ಟು ಕುಡಿದಿದ್ದಾನೆ, ಏನು ತಿಂದಿದ್ದಾನೆ, ಮೂತ್ರ ಎಂಥದ್ದು ಎಂದು ಕೇಳಿ. ಲೀಟರ್‌ಗಟ್ಟಲೆ ಕುಡಿದು, ಏನೂ ತಿನ್ನದೆ, ಮೂತ್ರ ನೀರಿನಂತೆ ಹೋಗುತ್ತಿದ್ದರೆ ಬೇಕಾದದ್ದು ಉಪ್ಪಿನ ತಿಂಡಿ, ನೀರಲ್ಲ. ಮಾತು ತೊದಲುತ್ತಿದ್ದರೆ ಮಾತ್ರ ಮನೆಮದ್ದಿಗೆ ಕೂರದೆ ರೇಂಜರ್‌ಗೆ ಕರೆಕೊಡಿ.

ಈ ಕಾರಣಕ್ಕೇ ತಿಂಡಿಯಲ್ಲಿ ನಮ್ಮ ಡಬ್ಬಿ ಗೆಲ್ಲುತ್ತದೆ. ಕೋಡುಬಳೆ, ಹುರಿದ ಕಡಲೆಬೀಜ, ಖಾರ ಅವಲಕ್ಕಿ, ಪುಳಿಯೋಗರೆ: ಉಪ್ಪೂ ಇದೆ, ಬಿಸಿಲಿಗೆ ಕರಗುವುದೂ ಇಲ್ಲ. ಚಾಕಲೇಟ್ ಬಾರ್ ಹತ್ತು ಗಂಟೆಗೆಲ್ಲ ಪಾಯಸವಾಗಿರುತ್ತದೆ. ಮೊಸರನ್ನ ಮಾತ್ರ ಬೇಡ, ಆ ಬಿಸಿಯಲ್ಲಿ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ತಂಗುಮನೆಗಳ ಬಳಿ ಚೀಲ ಕೆಳಗಿಟ್ಟು ಅತ್ತ ಹೋಗಬೇಡಿ, ಅಳಿಲುಗಳು ಬಟ್ಟೆ ಕೊರೆದು ಒಳಗಿನ ತಿಂಡಿಗೆ ಬಾಯಿ ಹಾಕುತ್ತವೆ. ನೋಡಲು ಮುದ್ದು, ಆದರೆ ಕಚ್ಚುತ್ತವೆ.

ನೀರು ಶುದ್ಧ ಮಾಡುವ ಸಾಧನ ಬೇಕೇ? ಬ್ರೈಟ್ ಏಂಜೆಲ್‌ನ ತಂಗುಮನೆಗಳಲ್ಲಿ ಬೇಸಿಗೆ ತಿಂಗಳುಗಳಲ್ಲಿ ಕುಡಿಯುವ ನೀರಿನ ನಲ್ಲಿ ಇರುತ್ತದೆ. ಆದರೆ ಆ ನೀರು ಬರುವ ಕೊಳವೆ 1960ರ ದಶಕದಲ್ಲಿ ಹಾಕಿದ್ದು, ಆಗಾಗ ಒಡೆಯುತ್ತದೆ. ಹೊರಡುವ ದಿನವೇ ಹಾದಿಯ ಬಾಯಿಯ ಫಲಕ ಓದಿ. ನಲ್ಲಿ ನಂಬಿ ಖಾಲಿ ಬಾಟಲಿಯಲ್ಲಿ ಇಳಿಯುವುದು ಜೂಜು. ಬೇರೆಡೆ ಫಿಲ್ಟರ್, ಮಾತ್ರೆ, ಯುವಿ ದೀಪ ಈ ಮೂರರಲ್ಲಿ ಯುವಿಯನ್ನು ಮೊದಲು ಕೈಬಿಡಿ, ಕೆಸರು ನೀರಿನಲ್ಲಿ ಬೆಳಕು ಒಳಗೆ ಹೋಗುವುದಿಲ್ಲ. ಟೊಳ್ಳು ನಾರಿನ ಫಿಲ್ಟರ್ ಹಗುರ, ತಕ್ಷಣ ಕುಡಿಯಬಹುದು. ಆದರೆ ಈ ನಾಡಿನ ಹೂಳಿಗೆ ಬೇಗ ಕಟ್ಟಿಕೊಳ್ಳುತ್ತದೆ. ನೀರನ್ನು ಅರ್ಧ ಗಂಟೆ ತಿಳಿಯಾಗಲು ಬಿಟ್ಟು, ಮೇಲಿನದನ್ನು ಕರವಸ್ತ್ರದಲ್ಲಿ ಸೋಸಿ, ಆಮೇಲೆ ಫಿಲ್ಟರಿಗೆ ಹಾಕಿ. ಒಮ್ಮೆ ಹೆಪ್ಪುಗಟ್ಟಿದ ಫಿಲ್ಟರ್‌ನ ನಾರು ಒಳಗೇ ಸೀಳಿರುತ್ತದೆ, ಹೊರಗೆ ಏನೂ ಕಾಣದು, ಅದನ್ನು ಎಸೆಯಬೇಕು. ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಕೆಲವೇ ಗ್ರಾಮ್, ಆಪತ್ತಿಗೆ ಒಳ್ಳೆಯದು, ಆದರೆ ಹೊಟ್ಟೆ ಕೆಡಿಸುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಸಾಯಲು ನಾಲ್ಕು ಗಂಟೆ ಕಾಯಬೇಕು. ಝಯಾನ್‌ನಲ್ಲಿ ಈ ಮೂರೂ ವ್ಯರ್ಥ. ವರ್ಜಿನ್ ನದಿಯಲ್ಲಿ ವಿಷಕಾರಿ ಸಯಾನೊಬ್ಯಾಕ್ಟೀರಿಯಾ ಇರುತ್ತದೆ. ಅದರ ವಿಷ ಫಿಲ್ಟರಿಗೂ ನಿಲ್ಲದು, ಕುದಿಸಿದರೂ ಹೋಗದು. ಮೊಣಕಾಲುದ್ದ ನೀರಿನಲ್ಲಿ ನಿಂತು ಕುಡಿಯುವ ನೀರನ್ನು ಬೆನ್ನಿನಿಂದ ತೆಗೆಯುವುದು ತಮಾಷೆಯಾಗಿ ಕಂಡರೂ ನಲ್ಲಿ ನೀರನ್ನು ಹೊತ್ತುಕೊಂಡೇ ಹೋಗಿ.

ಶೂ

ಒಣ ಹಾದಿಗೆ ಎತ್ತರದ ಬೂಟಿಗಿಂತ ಟ್ರೇಲ್ ರನ್ನಿಂಗ್ ಶೂ ಮೇಲು. ಜೋಡಿಗೆ 600 ಗ್ರಾಮ್ ಆಸುಪಾಸು, ಬೂಟಾದರೆ ಒಂದು ಕಿಲೊ ಮೇಲೆ. ಗಾಳಿಯಾಡುತ್ತದೆ, ಬೆವರು ಒಣಗುತ್ತದೆ. ‘ವಾಟರ್‌ಪ್ರೂಫ್’ ಎಂದು ಹೆಚ್ಚು ದುಡ್ಡು ಕೊಟ್ಟದ್ದು ಇಲ್ಲಿ ಎರಡು ರೀತಿಯಲ್ಲಿ ಎದುರು ತಿರುಗುತ್ತದೆ: ಒಣ ಹಾದಿಯಲ್ಲಿ ಪಾದ ಬೇಯಿಸಿ ಗುಳ್ಳೆ ಎಬ್ಬಿಸುತ್ತದೆ, ಹೊಳೆಯಲ್ಲಿ ಮೇಲಿನಿಂದ ನುಗ್ಗಿದ ನೀರನ್ನು ಹೊರಗೆ ಬಿಡುವುದಿಲ್ಲ. ಪಾದದ ಕೀಲಿಗೆ ಹಳೆಯ ಪೆಟ್ಟಿದ್ದವರಿಗೆ, ಚಳಿಗಾಲದ ಹಿಮದಲ್ಲಿ ಹೋಗುವವರಿಗೆ ಬೂಟು ಸರಿ. ಸಹ್ಯಾದ್ರಿಯ ಕೆಸರಿಗೆಂದು ಕೊಂಡ, ದೊಡ್ಡ ದೊಡ್ಡ ಹಲ್ಲಿನ ಅಟ್ಟೆಯ ಶೂ ಯೂಟಾದ ನುಣುಪು ಮರಳುಗಲ್ಲಿನ ಮೇಲೆ ಅಷ್ಟು ಕಚ್ಚುವುದಿಲ್ಲ. ಅಲ್ಲಿ ಬೇಕಾದದ್ದು ಮೆತ್ತನೆಯ ರಬ್ಬರು, ಕಲ್ಲಿಗೆ ಹೆಚ್ಚು ಜಾಗ ತಾಕುವ ಚಪ್ಪಟೆ ಅಟ್ಟೆ.

ಇಲ್ಲಿ ಪಾದ ಕೆಡುವುದು ಹೆಚ್ಚಾಗಿ ಇಳಿಯುವಾಗ. ಒಂಬೈನೂರು ಮೀಟರ್ ಇಳಿಯುವಷ್ಟರಲ್ಲಿ ಹೆಬ್ಬೆರಳು ಶೂನ ಮೂತಿಗೆ ಸಾವಿರಾರು ಬಾರಿ ಗುದ್ದಿರುತ್ತದೆ. ಮಾರನೆ ದಿನ ಉಗುರು ಕಪ್ಪು. ಅರ್ಧ ಸೈಜ್ ದೊಡ್ಡದು ಕೊಳ್ಳಿ, ಎರಡು ದಿನ ಮುಂಚೆ ಉಗುರು ಕತ್ತರಿಸಿ, ಹಿಮ್ಮಡಿ ಜಾರದಂತೆ ಲೇಸು ಕಟ್ಟಿ. ಶೂನ ಮೇಲ್ತುದಿಯಲ್ಲಿ ಯಾರೂ ಬಳಸದ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಅದು ಇರುವುದೇ ಇದಕ್ಕೆ. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಸಣ್ಣ ಕುಣಿಕೆ ಬಿಡಿ. ಎರಡೂ ಬದಿಯಲ್ಲಿ ಹೀಗೆ ಮಾಡಿ, ಎಡದ ಲೇಸನ್ನು ಬಲದ ಕುಣಿಕೆಯೊಳಗೂ ಬಲದ್ದನ್ನು ಎಡದ ಕುಣಿಕೆಯೊಳಗೂ ದಾಟಿಸಿ, ಕೆಳಮುಖವಾಗಿ ಜಗ್ಗಿ ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಕಚ್ಚಿ ಕೂರುತ್ತದೆ, ಬೆರಳ ಮುಂದೆ ಜಾಗ ಉಳಿಯುತ್ತದೆ. ಏರುವ ಮುನ್ನ ಒಮ್ಮೆ ಸಡಿಲಿಸಿ, ಬಿಸಿಲಿಗೆ ಪಾದ ಊದಿರುತ್ತದೆ.

ನ್ಯಾರೋಸ್‌ನ ಮಾತು ಬೇರೆ. ನದಿಯ ತಳದಲ್ಲಿ ಪಾಚಿ ಹಿಡಿದ ದುಂಡುಗಲ್ಲುಗಳು, ನೀರು ಕದಡಿದ್ದರೆ ಕಾಲಿಡುವ ಜಾಗವೇ ಕಾಣದು. ಸ್ಯಾಂಡಲ್ ಬೇಡ, ಬೆರಳು ಜಜ್ಜಿಹೋಗುತ್ತದೆ. ಹಳೆಯ ರನ್ನಿಂಗ್ ಶೂ ಬೇಸಿಗೆಯಲ್ಲಿ ನಡೆಯುತ್ತದೆ. ಆದರೆ ಝಯಾನ್ ಬಾಗಿಲಿನ ಊರಾದ ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ಕ್ಯಾನ್ಯನ್ ಶೂ, ರಬ್ಬರಿನಂಥ ನಿಯೋಪ್ರಿನ್ ಸಾಕ್ಸ್, ಮರದ ದೊಣ್ಣೆ ಮೂರೂ ಒಟ್ಟಿಗೆ ಬಾಡಿಗೆಗೆ ಸಿಗುವಾಗ ಕೊಂಡುಕೊಳ್ಳುವ ಪ್ರಶ್ನೆಯೇ ಇಲ್ಲ. ನಿಯೋಪ್ರಿನ್ ಸಾಕ್ಸ್ ಪಾದವನ್ನು ಒಣಗಿಡುವುದಿಲ್ಲ, ಒಳಗೆ ಬಂದ ನೀರನ್ನು ಬೆಚ್ಚಗಿಡುತ್ತದೆ. ಅದಕ್ಕೇ ಅದು ಬಿಗಿಯಾಗಿರಬೇಕು. ವಸಂತದಲ್ಲೂ ಚಳಿಗಾಲದಲ್ಲೂ ಡ್ರೈಸೂಟ್, ಅಂದರೆ ನೀರು ಒಳಬಿಡದ ಮೈಯುಡುಪು, ಇಲ್ಲದೆ ಇಳಿಯಬೇಡಿ.

ಚಳಿಗಾಲದಲ್ಲಿ ಬ್ರೈಟ್ ಏಂಜೆಲ್‌ನ ಮೊದಲ ಒಂದೆರಡು ಕಿಲೋಮೀಟರ್ ಬಿಸಿಲು ಕಾಣದ ಮಂಜುಗಡ್ಡೆ. ಶೂಗೆ ತೊಡಿಸುವ ಸಾಧನಗಳಲ್ಲಿ ಸ್ಪ್ರಿಂಗ್ ಸುತ್ತಿದ ರಬ್ಬರು ಬಲೆ ಅಗ್ಗ, ಆದರೆ ಅದು ಊರ ಫುಟ್‌ಪಾತಿಗೆ ಸರಿ. ಸರಪಳಿಗೆ ಮೊಳೆ ಕೂರಿಸಿದ ಮೈಕ್ರೊಸ್ಪೈಕ್ ಬಗೆಯದನ್ನೇ ತೆಗೆದುಕೊಳ್ಳಿ. ಒಣ ಕಲ್ಲು ಬಂದ ಕೂಡಲೇ ಬಿಚ್ಚಿ ಚೀಲಕ್ಕೆ ಹಾಕಿ, ಇಲ್ಲವಾದರೆ ಮೊಳೆ ಸವೆದು ಮುಂದಿನ ಸಲ ಜಾರುತ್ತದೆ.

ಚೀಲ

ಹದಿನೆಂಟರಿಂದ ಇಪ್ಪತ್ತೆರಡು ಲೀಟರ್ ಚೀಲ ಬೇಸಿಗೆಗೆ ಸಾಕು. ಚಳಿಗಾಲದ ಬಟ್ಟೆ ಸೇರಿದರೆ ಇಪ್ಪತ್ತೆಂಟು. ಡೆಕ್ಯಾಥ್ಲಾನ್‌ನ ಹತ್ತು ಲೀಟರಿನ ಪುಟ್ಟ ಚೀಲ ಅಗ್ಗವೂ ಹೌದು ಹಗುರವೂ ಹೌದು, ಆದರೆ ಸೊಂಟದ ಪಟ್ಟಿ ಇಲ್ಲದ ಚೀಲಕ್ಕೆ ನಾಲ್ಕು ಲೀಟರ್ ನೀರು ತುಂಬಿದರೆ ಭುಜ ಹರಿದುಹೋದಂತಾಗುತ್ತದೆ. ಬೆನ್ನಿಗೂ ಚೀಲಕ್ಕೂ ನಡುವೆ ಬಲೆ ಕಟ್ಟಿ ಗಾಳಿ ಆಡಿಸುವ ವಿನ್ಯಾಸ ದೊಡ್ಡ ಕಮರಿಗೆ ಹಿತ. ಸ್ಲಾಟ್‌ನಲ್ಲಿ ಅದೇ ಶನಿ: ಚೀಲ ಹಿಂದಕ್ಕೆ ಉಬ್ಬಿರುತ್ತದೆ, ಹೊರ ಜೇಬಿನ ಬಲೆ ಮರಳುಗಲ್ಲಿಗೆ ಉಜ್ಜಿ ಒಂದೇ ದಿನಕ್ಕೆ ಹರಿಯುತ್ತದೆ. ಅಲ್ಲಿಗೆ ಬೆನ್ನಿಗೆ ಅಂಟುವ, ಹೊರಗೆ ಏನೂ ನೇತಾಡದ ಚಪ್ಪಟೆ ಚೀಲ. ಕಿರಿದಾದ ಕಡೆ ಬೆನ್ನಿನಿಂದ ತೆಗೆದು ಕೈಯಲ್ಲಿ ಹಿಡಿದು ಅಡ್ಡಡ್ಡ ನಡೆಯಬೇಕಾಗುತ್ತದೆ. ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್ ಎಂಬ ಸ್ಲಾಟ್‌ಗಾದರೆ ಈ ಯೋಚನೆಯೇ ಬೇಡ. ಅಲ್ಲಿನ ನವಾಹೊ ಜನಾಂಗದ ಗೈಡ್ ಜೊತೆಯಲ್ಲೇ ಹೋಗಬೇಕು, ಚೀಲಕ್ಕೆ ಅವಕಾಶವಿಲ್ಲ. ನ್ಯಾರೋಸ್‌ಗೆ ಒಳಗೊಂದು ಡ್ರೈಬ್ಯಾಗ್ ಸಾಕು. ಬಾಯಿಯನ್ನು ಮೂರು ಸುತ್ತು ಮಡಿಸಿದ ಮೇಲೆಯೇ ಕೊಂಡಿ ಹಾಕಿ, ಒಂದೇ ಸುತ್ತಿಗೆ ನೀರು ನುಗ್ಗುತ್ತದೆ.

ಬಟ್ಟೆ

ಪರ್ವತಾರೋಹಿಗಳೆಲ್ಲ ಹತ್ತಿಯನ್ನು ಬೈಯುತ್ತಾರೆ. ಬೇಸಿಗೆಯ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮಾತ್ರ ಆ ಬೈಗುಳ ನಿಲ್ಲಬೇಕು. ನಲ್ಲಿಯಲ್ಲಿ ನೆನೆಸಿದ ಹತ್ತಿ ಅಂಗಿ ಒಣಗಾಳಿಗೆ ನಿಧಾನವಾಗಿ ಆರುತ್ತಾ ಮೈ ತಂಪಾಗಿಡುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್‌ನಲ್ಲಿ ಆ ಸುಖ ಬೇಗ ಮುಗಿಯುತ್ತದೆ. ನೀರು ಸಿಗದ ಸೌತ್ ಕೈಬಾಬ್‌ನಲ್ಲಿ ನೆನೆಸುವುದಕ್ಕೆ ಏನೂ ಇಲ್ಲದ್ದರಿಂದ ತೆಳು ಬಣ್ಣದ, ತಲೆ ಮುಚ್ಚುವ, ತುಂಬುತೋಳಿನ ಸನ್ ಹೂಡಿ ಮೇಲು. ಕುತ್ತಿಗೆ, ಕಿವಿ, ಮುಂಗೈ ಮುಚ್ಚುತ್ತದೆ, ಸನ್‌ಸ್ಕ್ರೀನ್ ಮತ್ತೆ ಮತ್ತೆ ಬಳಿಯುವ ಗೋಜಿಲ್ಲ. ನ್ಯಾರೋಸ್‌ನಲ್ಲಿ, ಚಳಿಗಾಲದಲ್ಲಿ, ಮಳೆ ಬರುವ ದಿನ ಹತ್ತಿ ಬೇಡವೇ ಬೇಡ. ಜೀನ್ಸ್ ಯಾವ ಕಾಲಕ್ಕೂ ಬೇಡ.

ಟೋಪಿಗೂ ಕೊಡೆಗೂ ಹೋಲಿಸಿದರೆ ಬೆಳ್ಳಿ ಬಣ್ಣದ ಹಗುರ ಕೊಡೆ ನಿಜಕ್ಕೂ ನೆರಳನ್ನು ಜೊತೆಗೇ ಒಯ್ದಂತೆ. ಆದರೆ ಬೆನ್ನುಗುಡ್ಡದ ಮೇಲೆ ಗಾಳಿ ಎದ್ದರೆ ತಿರುಚಿಕೊಳ್ಳುತ್ತದೆ, ಒಂದು ಕೈಯನ್ನೂ ಕಟ್ಟಿಹಾಕುತ್ತದೆ. ಅಗಲ ಅಂಚಿನ ಟೋಪಿಗೆ ಗದ್ದದ ದಾರ ಇರಲಿ. ಮಳೆಯಂಗಿ ಇನ್ನೂರು ಗ್ರಾಮಿನದು ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಚೀಲದಲ್ಲಿರಲಿ, ಮಧ್ಯಾಹ್ನದ ಗುಡುಗುಮಳೆ ಆ ತಿಂಗಳುಗಳದ್ದು.

ಕೋಲು

ಇಳಿಯುವಾಗ ಮೊಣಕಾಲಿನ ಭಾರ ಇಳಿಸುವುದಕ್ಕೆ ಎರಡು ಕೋಲು ದೊಡ್ಡ ಕಮರಿಗೆ ಬೇಕೇ ಬೇಕು. ಐವತ್ತು ದಾಟಿದವರಿಗೆ ಇದರಲ್ಲಿ ಚರ್ಚೆಯೇ ಇಲ್ಲ. ಕಾರ್ಬನ್ನಿನದು ಜೋಡಿಗೆ ಸುಮಾರು ನೂರು ಗ್ರಾಮ್ ಹಗುರ. ಆದರೆ ಕಲ್ಲಿನ ಸಂದಿಗೆ ಸಿಕ್ಕಿ ಪಕ್ಕಕ್ಕೆ ಒತ್ತಿದರೆ ಟಕ್ಕೆಂದು ಮುರಿಯುತ್ತದೆ. ಅಲ್ಯೂಮಿನಿಯಂ ಬಾಗುತ್ತದೆ, ಬಾಗಿದ್ದನ್ನು ಹಿಡಿದು ಮನೆಗೆ ಬರಬಹುದು. ಕಲ್ಲೇ ತುಂಬಿದ ಈ ನಾಡಿಗೆ ಅಲ್ಯೂಮಿನಿಯಂ. ಇಳಿಯುವಾಗ ಉದ್ದವನ್ನು ಐದು ಸೆಂಟಿಮೀಟರ್ ಹೆಚ್ಚಿಸಿ, ಏರುವಾಗ ಅಷ್ಟೇ ಕಡಿಮೆ ಮಾಡಿ. ತಿರುಗಿಸಿ ಬಿಗಿಯುವ ಬೀಗದೊಳಗೆ ಮರಳು ಸೇರಿದರೆ ಜಾರಲು ತೊಡಗುತ್ತದೆ, ಹೊರಗಿನ ಮಡಚು ಬೀಗವೇ ಲೇಸು. ನದಿಯಲ್ಲಿ ಈ ಯಾವುದೂ ಬೇಡ: ತೆಳು ಕೋಲು ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹರಿವಿಗೆ ನಡುಗುತ್ತದೆ. ಭುಜದೆತ್ತರದ ಒಂದು ಮರದ ದೊಣ್ಣೆಯನ್ನು ಮೇಲ್ಹರಿವಿನ ಕಡೆಗೆ ಊರಿ ಎರಡು ಕೈಯಲ್ಲೂ ಒರಗಿ. ಸ್ಲಾಟ್‌ನಲ್ಲಿ ಕೋಲು ಬರೀ ಹೊರೆ, ಕೈ ಬೇಕಾಗುವುದು ಗೋಡೆಗೆ.

ಹೇಸರಗತ್ತೆಗಳ ಸಾಲು ಎದುರಾದರೆ ಹಾದಿಯ ಗೋಡೆಯ ಬದಿಗೆ ಸರಿದು, ಕೋಲು ಆಡಿಸದೆ, ಸವಾರ ಹೇಳಿದಂತೆ ನಿಲ್ಲಿ. ಪ್ರಪಾತದ ಬದಿಗೆ ನಿಂತವರನ್ನು ಒಂದು ಗತ್ತೆಯ ತಿರುವು ಸಾಕು ತಳ್ಳಲು.

ಬೆಳಕು, ಫೋನು, ಉಪಗ್ರಹ

ಕಮರಿಯೊಳಗೆ ಸೂರ್ಯ ಬೇಗ ಮರೆಯಾಗುತ್ತಾನೆ. ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ; ಕೈಯೂ ಹೋಯಿತು, ನಕ್ಷೆ ನೋಡುವ ಬ್ಯಾಟರಿಯೂ ಹೋಯಿತು. ತಲೆಗೆ ಕಟ್ಟುವ ದೀಪ ಇನ್ನೂರು ಲ್ಯೂಮೆನ್‌ನದು ಸಾಕು, ತಲೆಗೊಂದು ಇರಲಿ.

ಸಿಗ್ನಲ್ ಅಂಚಿನ ಹತ್ತಿರ ಅಲ್ಲಲ್ಲಿ, ಕೆಳಗೆ ಇಲ್ಲ. ಆಪತ್ತಿಗೆ ಮೂರು ದಾರಿ. ಐಫೋನ್ 14 ಮತ್ತು ಅದರಾಚೆಯವುಗಳಲ್ಲಿ ಉಪಗ್ರಹದ ತುರ್ತು ಸಂದೇಶ ಇದೆ, ಹೆಚ್ಚು ಭಾರವಿಲ್ಲ, ಆದರೆ ಅದೇ ಫೋನನ್ನು ದಿನವಿಡೀ ಫೋಟೊಗೆ ಬಳಸಿ ಬ್ಯಾಟರಿ ತೀರಿಸಿರುತ್ತೀರಿ. ಗಾರ್ಮಿನ್ ಇನ್‌ರೀಚ್ ಮಿನಿ ಬಗೆಯದು ನೂರು ಗ್ರಾಮ್, ಎರಡೂ ಕಡೆ ಸಂದೇಶ ಹೋಗಿ ಬರುತ್ತದೆ, ತಿಂಗಳ ಚಂದಾ ಇದೆ. ಪಿಎಲ್‌ಬಿ ಎಂಬ ತುರ್ತು ಸಂಕೇತದ ಸಾಧನಕ್ಕೆ ಚಂದಾ ಇಲ್ಲ, ಸಿಗ್ನಲ್ ಗಟ್ಟಿ, ಬ್ಯಾಟರಿ ವರ್ಷಗಟ್ಟಲೆ, ಆದರೆ ‘ಕಾಪಾಡಿ’ ಎಂಬ ಒಂದೇ ಮಾತು ಹೇಳುತ್ತದೆ. ಒಬ್ಬರೇ ಓಡಾಡುವವರಿಗೆ ಇನ್‌ರೀಚ್. ವರ್ಷಕ್ಕೆರಡು ಸಲ ಹೋಗುವ ಕುಟುಂಬಕ್ಕೆ ಫೋನ್ ಮತ್ತು ಒಂದು ಪವರ್‌ಬ್ಯಾಂಕ್. ಮೂರಕ್ಕೂ ತೆರೆದ ಆಕಾಶ ಬೇಕು, ಸ್ಲಾಟ್‌ನ ತಳದಿಂದ ಯಾವುದೂ ಕೇಳಿಸದು. ಇನ್ನೊಂದು ಮುಖ್ಯ ಮಾತು: ಇನ್‌ರೀಚ್‌ನಂಥ ಉಪಗ್ರಹ ಸಾಧನವನ್ನು ಅನುಮತಿಯಿಲ್ಲದೆ ಭಾರತಕ್ಕೆ ಒಯ್ಯುವುದು ಕಾನೂನುಬಾಹಿರ, ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ತಡೆಹಿಡಿದದ್ದಿದೆ. ಊರಿಗೆ ಹೋಗುವಾಗ ಚೀಲ ಒಮ್ಮೆ ಜಾಲಾಡಿ.

ಎತ್ತರದ ಗೋಡೆಗಳ ನಡುವೆ ಜಿಪಿಎಸ್ ನೀವಿರುವ ಜಾಗವನ್ನು ಪಕ್ಕದ ಕೊರಕಲಿಗೆ ಎಸೆಯುತ್ತದೆ. ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿ, ಕಾಗದದ್ದೂ ಒಂದಿರಲಿ.

ಯಾವ ಸಾಮಾನೂ ಕಾಯದ ಒಂದು ಅಪಾಯ

ಸ್ಲಾಟ್‌ನಲ್ಲೂ ನ್ಯಾರೋಸ್‌ನಲ್ಲೂ ದಿಢೀರ್ ನೆರೆಗೆ ಉಪಕರಣವಿಲ್ಲ. 1997ರ ಆಗಸ್ಟ್ 12ರಂದು ಲೋವರ್ ಆಂಟಿಲೋಪ್‌ನಲ್ಲಿ ಹನ್ನೊಂದು ಜನ ಸತ್ತದ್ದು ಮೈಲಿಗಳಾಚೆ ಸುರಿದ ಮಳೆಗೆ. 2015ರ ಸೆಪ್ಟೆಂಬರ್‌ನಲ್ಲಿ ಝಯಾನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಮಂದಿ. ಬಂಡೆ ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ಕೊರಕಲಿಗೇ ಓಡುತ್ತದೆ. ಆದ್ದರಿಂದ ನಿಮ್ಮ ತಲೆಯ ಮೇಲಿನ ಆಕಾಶವನ್ನಲ್ಲ, ಆ ಕೊರಕಲಿಗೆ ನೀರು ಕೊಡುವ ಇಡೀ ಪ್ರದೇಶದ ಮುನ್ಸೂಚನೆಯನ್ನು ಬೆಳಿಗ್ಗೆ ರೇಂಜರ್ ಕಚೇರಿಯಲ್ಲಿ ಕೇಳಿ. ನ್ಯಾರೋಸ್‌ನಲ್ಲಿ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ಪಾರ್ಕಿನವರೇ ಆ ಹಾದಿ ಮುಚ್ಚುತ್ತಾರೆ. ಮಕ್ಕಳಿದ್ದರೆ ಅದರ ಅರ್ಧದಲ್ಲೇ ಬೇಡ ಎನ್ನುವುದು ಜಾಣತನ. ಒಳಗಿದ್ದಾಗ ತಿಳಿನೀರು ಕಂದಾದರೆ, ಕಡ್ಡಿ ಕಸ ತೇಲಿಬಂದರೆ, ಮೇಲ್ಗಡೆಯಿಂದ ಮೊರೆತ ಕೇಳಿದರೆ ಚೀಲದ ಆಸೆ ಬಿಟ್ಟು ಎತ್ತರಕ್ಕೆ ಹತ್ತಿ.

ಕೊಳ್ಳುವುದೋ ಬಾಡಿಗೆಯೋ ತರುವುದೋ

ಚೀಲ, ಅಲ್ಯೂಮಿನಿಯಂ ಕೋಲು, ತಲೆದೀಪ ಬೆಂಗಳೂರಿನಲ್ಲಿ ಕೊಂಡದ್ದೇ ಸಾಕು, ಅಮೆರಿಕದ ಅರ್ಧ ಬೆಲೆಗೂ ಸಿಗಬಹುದು. ಕೋಲು ವಿಮಾನದ ಕೈಚೀಲದಲ್ಲಿ ಬೇಡ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಶೂ ಮಾತ್ರ ಹೊರಡುವ ತಿಂಗಳ ಮುಂಚೆ ಕೊಂಡು, ನಂದಿಬೆಟ್ಟದ ಮೆಟ್ಟಿಲಲ್ಲೋ ಮನೆ ಹತ್ತಿರದ ಗುಡ್ಡದಲ್ಲೋ ನಾಲ್ಕು ಸಲ ಇಳಿದು ನೋಡಿ. ಹತ್ತುವಾಗ ಹಿತವಾದ ಶೂ ಇಳಿಯುವಾಗ ಕಚ್ಚುವುದು ಅಂಗಡಿಯಲ್ಲಿ ಗೊತ್ತಾಗದು. ನೀರಿನ ಶೂ, ಡ್ರೈಸೂಟ್ ಎಲ್ಲವೂ ಬಾಡಿಗೆ.

ಚಿಕ್ಕ ಸಾಮಾನಿನಲ್ಲಿ ಬಿಡಬಾರದ್ದು ಎರಡು: ಚಿಮುಟ ಮತ್ತು ಅಗಲ ಹಲ್ಲಿನ ಬಾಚಣಿಗೆ. ಚೋಯಾ ಕಳ್ಳಿಯ ತುಂಡು ಕಾಲಿಗೆ ಅಂಟಿದರೆ ಕೈಯಲ್ಲಿ ಎಳೆಯಬೇಡಿ, ಕೈಗೇ ಅಂಟುತ್ತದೆ. ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ಕಳ್ಳಿಗೂ ನಡುವೆ ತೂರಿಸಿ ಒಂದೇ ಎತ್ತಿಗೆ ಚಿಮ್ಮಿಸಿ, ಪಕ್ಕದಲ್ಲಿ ಯಾರೂ ನಿಂತಿಲ್ಲ ಎಂದು ನೋಡಿಕೊಂಡು. ಉಳಿದ ಮುಳ್ಳುಗಳನ್ನು ಚಿಮುಟದಿಂದ, ನಾಟಿದ ಗೆರೆಯಲ್ಲೇ ನೇರವಾಗಿ ಹೊರಕ್ಕೆ ಎಳೆಯಿರಿ; ಅಡ್ಡ ಎಳೆದರೆ ತುದಿ ಒಳಗೇ ಮುರಿಯುತ್ತದೆ.